ಕಮಲತ್ತೆಯ ಮುತ್ತಿನ ಬುಗುಡಿ

ಕಮಲತ್ತೆ ಸಾವಿನ ಮನೆಗೆ ಸಮಾಧಾನ ಹೇಳಲು ಹೋದರೆ ಅಲ್ಲಿ ಅಳು ನಿಂತು ಜಗಳ ಶುರುವಾಗುತ್ತಿತ್ತು. ಹೋದವರ ಗುಣಗಾನಕ್ಕೆ ಅವಳೂ ನಾಲ್ಕು ಮಾತು ಸೇರಿಸುತ್ತಿದ್ದಳು. ಆಮೇಲೆ ಸೊಸೆಯ ಮುಖವನ್ನೇ ನೋಡುತ್ತ, "ಪಾಪ, ಇನ್ನೂ ಬದುಕಬೇಕಾದ ಜೀವ. ರಾತ್ರಿ ಕೆಮ್ಮಿದಾಗ ಎದ್ದು ನೋಡೋವ್ರು ಒಬ್ಬರಿದ್ದಿದ್ರೆ ಆಗ್ತಿತ್ತು" ಅನ್ನುವಳು. ಅಷ್ಟು ಸಾಕಾಗುತ್ತಿತ್ತು. ಅವಳು ಚಪ್ಪಲಿ ಮೆಟ್ಟಿ ಹೊರಗೆ ಬರುವ ಹೊತ್ತಿಗೆ ಒಳಗೆ ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಬಿದ್ದಿರುತ್ತಿದ್ದರು. ವೆಸ್ಟ್ ಮಾಂಬಲಂನ ನಮ್ಮ ಗಲ್ಲಿಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ, "ಕಮಲಾಬಾಯಿಗೆ ತಿಳಿಸಬೇಡಿ" ಎಂಬುದು ಮನೆಯವರ ಮೊದಲ ಮಾತಾಗಿತ್ತು.

ಅವಳು ನನ್ನ ತಂದೆಯ ಅಕ್ಕ. ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖದ ತುಂಬ ಗುಳಿ ಬಿದ್ದಿತ್ತು. ಬೇರೆ ಯಾರಾದರೂ ಆಡಿಕೊಳ್ಳುವ ಮೊದಲು ತಾನೇ ಆಡಿಬಿಡುವುದು ಅವಳ ಪದ್ಧತಿ. "ನನ್ನ ಮುಖದಲ್ಲಿ ರವೆ ಜರಡಿ ಹಿಡೀಬಹುದು" ಎಂದು ಹೊಸಬರಿಗೂ ಹೇಳುತ್ತಿದ್ದಳು. ಅವರು ನಗಬೇಕೋ ಬಾರದೋ ತಿಳಿಯದೆ ಒದ್ದಾಡುವುದನ್ನು ನೋಡಿ ಸಂತೋಷಪಡುತ್ತಿದ್ದಳು. ಹೀಗೆ ತನ್ನನ್ನೇ ಮೊದಲು ಕುಯ್ದುಕೊಂಡ ಕತ್ತಿಯಿಂದ ಊರನ್ನೆಲ್ಲ ಕುಯ್ಯುವ ಹಕ್ಕು ತನಗಿದೆಯೆಂದು ಅವಳು ತಿಳಿದಿದ್ದಳು.

ನನ್ನನ್ನು ನೋಡಲು ತಿರುವಲ್ಲಿಕೇಣಿಯಿಂದ ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಗಿ ಮಾತು ಇನ್ನೇನು ಕೂಡಿಬಂತು ಎನ್ನುವಾಗ ಅತ್ತೆ ಗಂಡಿನ ತಾಯಿಯ ಕಡೆ ತಿರುಗಿದಳು. "ನೋಡಿ, ನಮ್ಮ ಜಾನಕಿಗೆ ಮೂಗು ದಪ್ಪ. ಫೋಟೋದಲ್ಲಿ ತಿಳೀಬಾರದು ಅಂತ ಓರೆಯಾಗಿ ನಿಲ್ಲಿಸಿ ತೆಗೆಸಿದಾರೆ. ನೀವು ಮನೆಗೆ ಹೋಗಿ ಆಮೇಲೆ ಮಾತಾಡಿಕೊಳ್ಳೋ ಬದಲು ಈಗಲೇ ಸರಿಯಾಗಿ ನೋಡಿಬಿಡಿ." ಅವರು ನೋಡಿದರು. ಸಂಬಂಧ ಮುರಿಯಿತು. ನನ್ನಮ್ಮ ವರ್ಷವೆಲ್ಲ ಅವಳೊಂದಿಗೆ ಮಾತು ಬಿಟ್ಟಳು. ಅತ್ತೆಗೆ ಪಶ್ಚಾತ್ತಾಪವೇನೂ ಇರಲಿಲ್ಲ. "ಮೂಗು ನೋಡಿ ಓಡಿಹೋದವನು ನಾಳೆ ನಿನ್ನ ಹಲ್ಲು ಬಿದ್ರೆ ಇರ್ತಾನೇನೇ?" ಎಂದು ನನ್ನನ್ನೇ ಕೇಳಿದಳು. ನಾನು ಅತ್ತುಬಿಟ್ಟೆ. ಅವಳು ಮಾರನೆಯ ದಿನ ಗೊಜ್ಜವಲಕ್ಕಿ ಮಾಡಿಕೊಂಡು ಬಂದು, ನಾನು ತಿಂದು ಮುಗಿಸುವವರೆಗೆ ಎದುರಿಗೆ ಕುಳಿತಿದ್ದಳು. ಹಾಗಾಗಿ ಅವಳನ್ನು ಪೂರ್ತಿ ದ್ವೇಷಿಸುವುದೂ ನನಗೆ ಸಾಧ್ಯವಾಗಲಿಲ್ಲ.

ಇಂಥವಳ ಗಂಡ ವಾಸುಮಾಮ ಬಾಯಿಯೇ ಇಲ್ಲದ ಮನುಷ್ಯ. ವಡಪಳನಿಯ ಸ್ಟುಡಿಯೋಗಳಲ್ಲಿ ಸೆಟ್ಟಿನ ಹಿಂದೆ ಕಟ್ಟುವ ಪರದೆಗಳನ್ನು ಬರೆಯುವುದು ಅವನ ಕೆಲಸ. ಕನ್ನಡ ಚಿತ್ರಗಳೂ ಆಗ ಮದರಾಸಿನಲ್ಲೇ ತಯಾರಾಗುತ್ತಿದ್ದವು. ಅರಮನೆ, ಕಾಡು, ಮೋಡ, ಕೈಲಾಸ, ಯಾವ ಭಾಷೆಯ ಚಿತ್ರಕ್ಕೆ ಏನು ಬೇಕೋ ಅದನ್ನು ಬರೆದುಕೊಟ್ಟು ಸಂಜೆ ಮನೆಗೆ ಬಂದು ಕೈಯ ಬಣ್ಣವನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಳ್ಳುತ್ತಿದ್ದ. ಶೂಟಿಂಗ್ ಮುಗಿದು ಬೇಡವಾದ ಪರದೆಗಳಲ್ಲಿ ಒಂದೊಂದನ್ನು ಮಡಿಸಿ ತರುವುದೂ ಇತ್ತು. ಅತ್ತೆ ಅವುಗಳನ್ನು ತಾರಸಿಯ ಮೇಲೆ ಹಾಸಿ ಸಂಡಿಗೆ ಒಣಗಿಸುತ್ತಿದ್ದಳು. ಒಮ್ಮೆ ಹಿಮಾಲಯದ ಪರದೆಯ ಮೇಲೆ, ನೇರ ಶಿವನ ಮನೆಯ ಮೇಲೆಯೇ ಅರಳುಸಂಡಿಗೆ ಸಾಲಾಗಿ ಕುಳಿತಿದ್ದನ್ನು ಕಂಡು ನಾನು "ಅತ್ತೆ, ಪಾಪ ಬರೋದಿಲ್ವಾ?" ಎಂದು ಕೇಳಿದ್ದೆ. "ಕೈಲಾಸ ತಾನೆ? ವೈಕುಂಠ ಅಲ್ವಲ್ಲ!" ಎಂದಳು. ನಾವು ಮಾಧ್ವರು. ವಾಸುಮಾಮ ಮೂಲೆಯಲ್ಲಿ ಕುಳಿತು ಸದ್ದಿಲ್ಲದೆ ನಕ್ಕ. ಗಂಡನ ಚಿತ್ರಗಳ ಬಗ್ಗೆ ಅವಳು ಆಡಿದ ಒಳ್ಳೆಯ ಮಾತು ಒಂದೂ ನನಗೆ ಗೊತ್ತಿಲ್ಲ. ಅವನು ಅದನ್ನು ಬಯಸಿದಂತೆಯೂ ಕಾಣಲಿಲ್ಲ. ಒಂದು ಬೇಸಿಗೆಯಲ್ಲಿ, ಬದುಕಿದಷ್ಟೇ ಸದ್ದಿಲ್ಲದೆ ಸತ್ತುಹೋದ.

ಅವನು ಹೋಗಿ ಕೆಲವು ವರ್ಷಗಳಾದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಸ್ಟುಡಿಯೋಗಳನ್ನು ಒಂದೊಂದಾಗಿ ಕೆಡವಿ ಫ್ಲಾಟು ಕಟ್ಟಲು ಶುರುಮಾಡಿದರು. ಹಾಗೆ ಕೆಡವಿದ ಒಂದು ಸ್ಟುಡಿಯೋದ ಗೋಡೌನಿನಲ್ಲಿ, ಮುರಿದ ಸಿಂಹಾಸನಗಳ ಹಿಂದೆ ವಾಸುಮಾಮನ ಸಹಿ ಇದ್ದ ಒಂದು ಎಣ್ಣೆಬಣ್ಣದ ಚಿತ್ರ ಸಿಕ್ಕಿತು. ಅದು ಪರದೆಯಲ್ಲ, ಒಬ್ಬ ಹೆಂಗಸಿನ ಭಾವಚಿತ್ರ. ಹಳೆಯ ಸಾಮಾನಿನ ವ್ಯಾಪಾರಿಯ ಕೈಯಿಂದ ಕೈಗೆ ದಾಟಿ ಕಡೆಗೆ ಅದನ್ನು ನಗರದ ಒಂದು ಟ್ರಸ್ಟಿನ ಚಿತ್ರಶಾಲೆ ಕೊಂಡುಕೊಂಡಿತು. ಹೊಸದಾಗಿ ಕೊಂಡ ಮತ್ತು ದಾನವಾಗಿ ಬಂದ ಕೃತಿಗಳನ್ನೆಲ್ಲ ಒಟ್ಟಿಗೆ ತೂಗುಹಾಕಿ ವರ್ಷಕ್ಕೊಮ್ಮೆ ಪ್ರದರ್ಶನ ಮಾಡುವುದು ಅಲ್ಲಿನ ರೂಢಿ. ಚಿತ್ರದಲ್ಲಿರುವವರು ಯಾರು, ಮನೆಯಲ್ಲಿ ಇನ್ನೇನಾದರೂ ಚಿತ್ರಗಳಿವೆಯೇ ಎಂದು ಕೇಳಿಕೊಂಡು ಅಲ್ಲಿಂದ ಸೆಲ್ವಿ ಎಂಬ ಹುಡುಗಿ ಅತ್ತೆಯ ಮನೆಗೆ ಬಂದಳು. ಅಂದು ಭಾನುವಾರ. ನಾನೂ ಅಲ್ಲಿದ್ದೆ.

ಸೆಲ್ವಿ ಚಿತ್ರದ ಫೋಟೋವನ್ನು ಮೇಜಿನ ಮೇಲಿಟ್ಟಳು. ಕಿಟಕಿಯ ಪಕ್ಕ ಕುಳಿತ ಮೂವತ್ತರ ಹೆಣ್ಣು. ಒಂದು ಕೆನ್ನೆಯ ಮೇಲೆ ಬೆಳಕು. ಯಾರೋ ಏನೋ ಹೇಳಿದ್ದಕ್ಕೆ ಇನ್ನೇನು ನಗಲಿದ್ದಾಳೆ ಅನ್ನುವಂಥ ಬಾಯಿ. ಕಿವಿಯ ಮೇಲ್ಭಾಗದಲ್ಲಿ ಮುತ್ತಿನ ಬುಗುಡಿ.

ಇನ್ಶೂರೆನ್ಸ್ ಕಂಪನಿಯಲ್ಲಿದ್ದ ಅತ್ತೆಯ ಮಗ ಶ್ರೀಧರ ಕುರ್ಚಿಯಿಂದ ಎದ್ದೇಬಿಟ್ಟ. "ಏ, ಇದು ನಮ್ಮಮ್ಮನ ಬುಗುಡಿ! ಒಂದು ಮುತ್ತು ಬಿದ್ದುಹೋಗಿ ತಾತ ಹವಳ ಕೂರಿಸಿ ಕೊಟ್ಟಿದ್ರಲ್ಲ, ಇಂಗ ಪಾರು, ಇಲ್ಲಿ ನೋಡು, ಹವಳ ಕೂಡ ಹಾಗೇ ಇದೆ! ಅಮ್ಮಾ, ಇದು ನೀನೇ!"

ನಮ್ಮ ಕಡೆ ಹೆಂಗಸರನ್ನು ಮುಖಕ್ಕಿಂತ ಹೆಚ್ಚಾಗಿ ಒಡವೆಯಿಂದ ಗುರುತಿಸುವುದು ವಾಡಿಕೆ. ಮದುವೆಯ ಗುಂಪು ಫೋಟೋ ನೋಡುವಾಗಲೂ "ಏಳುಕಲ್ಲಿನ ಓಲೆ ಹಾಕಿರೋದು ನಿಮ್ಮ ದೊಡ್ಡಮ್ಮ, ಕಾಸಿನ ಸರದವಳು ಚಿಕ್ಕಮ್ಮ" ಎಂದೇ ಮಕ್ಕಳಿಗೆ ತೋರಿಸುತ್ತೇವೆ. ಒಡವೆ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಅತ್ತೆಯ ಹರೆಯದ ಫೋಟೋ ಅನ್ನುವುದು ಮನೆಯಲ್ಲಿ ಒಂದೂ ಇರಲಿಲ್ಲ. ಕ್ಯಾಮೆರಾ ಕಂಡರೆ ಅವಳು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಹೀಗಾಗಿ ಶ್ರೀಧರನ ಮಾತಿಗೆ ಯಾರೂ ಎದುರಾಡಲಿಲ್ಲ.

ಅತ್ತೆ ಕನ್ನಡಕ ಕೇಳಿದಳು. ಹಾಕಿಕೊಂಡು ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ತುಂಬ ಹೊತ್ತು ನೋಡಿದಳು. ಈಗ ಏನೋ ಒಂದು ಚುಚ್ಚುಮಾತು ಬರುತ್ತದೆಂದು ನಾನು ಕಾದಿದ್ದೆ.

"ಹೂಂ, ನಾನೇ" ಎಂದಳು. "ಮತ್ಯಾರು?"

"ನೋಡಿ ಅತ್ತೆ, ಮಾವನಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ! ಮುಖದ ಕಲೆ ಒಂದನ್ನೂ ಬರೆದಿಲ್ಲ, ಎಲ್ಲಾ ಬಿಟ್ಟಿದಾರೆ" ಎಂದಳು ಶ್ರೀಧರನ ಹೆಂಡತಿ ಉಷಾ, ಕಣ್ಣು ಒರೆಸಿಕೊಳ್ಳುತ್ತ.

"ಹೌದಮ್ಮ, ತುಂಬ ಪ್ರೀತಿ. ಕಲೆ ಮಾತ್ರ ಅಲ್ಲ, ಮುಖಾನೇ ಬಿಟ್ಟುಬಿಟ್ಟಿದಾರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸೆಲ್ವಿ ತನ್ನ ಹಾಳೆಯಲ್ಲಿ "ಕಲಾವಿದರ ಪತ್ನಿ ಕಮಲಾಬಾಯಿ" ಎಂದು ಬರೆದುಕೊಂಡಳು. ಅತ್ತೆ ತಾನಾಗಿಯೇ ಶ್ರೀಧರನನ್ನು ಅಟ್ಟ ಹತ್ತಿಸಿ ಉಳಿದ ಪರದೆಗಳನ್ನೂ ಇಳಿಸಿ, ಕೈಲಾಸವನ್ನೂ ಸೇರಿಸಿ ಎಲ್ಲವನ್ನೂ ಚಿತ್ರಶಾಲೆಗೆ ದಾನ ಕೊಟ್ಟುಬಿಟ್ಟಳು.

ಪ್ರದರ್ಶನದ ಮೊದಲ ದಿನ ನಾನು ಬ್ಯಾಂಕಿಗೆ ರಜೆ ಹಾಕಿ ಅವಳ ಜೊತೆ ಹೋದೆ. ಕೊಂಡ ಕೃತಿಗಳಿಗೆ ನಡುವಣ ದೊಡ್ಡ ಹಾಲು, ಮೇಲಿಂದ ಬೀಳುವ ಹಳದಿ ದೀಪ. ದಾನ ಬಂದವುಗಳಿಗೆ ಮೆಟ್ಟಿಲ ಪಕ್ಕದ ಓಣಿ. "ಭಿಕ್ಷೆಗೆ ಬಂದದ್ದು ಹಿತ್ತಲಲ್ಲಿ ತಾನೆ ಇರಬೇಕು" ಎಂದಳು ಅತ್ತೆ. ಅಲ್ಲಿ ಗಡ್ಡದವರೊಬ್ಬರು ತಮ್ಮ ಜೊತೆಗಿದ್ದವರಿಗೆ ಕೈಲಾಸದ ಪರದೆಯನ್ನು ವಿವರಿಸುತ್ತಿದ್ದರು. ಬೆಟ್ಟದ ಮೇಲಿನ ಬಿಳಿಯ ದುಂಡು ಗುರುತುಗಳು ಹಿಮವೂ ಹೌದು, ನಕ್ಷತ್ರಗಳೂ ಹೌದಂತೆ. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಅದು ಅರಳುಸಂಡಿಗೆ ಸಾರ್. ನೆಕ್ಕಿ ನೋಡಿ, ಉಪ್ಪು ಇನ್ನೂ ಇರಬಹುದು" ಎಂದು ತಮಿಳಿನಲ್ಲಿ ಹೇಳಿದಳು. ಆ ಮನುಷ್ಯ ಓಣಿಯ ಆಚೆ ತುದಿಗೆ ಹೋಗಿ ನಿಂತರು.

ಭಾವಚಿತ್ರದ ಎದುರು ಒಂದು ಬೆಂಚಿತ್ತು. ಅತ್ತೆ ರೇಷ್ಮೆಸೀರೆಯ ಸೆರಗು ಹೊದ್ದು ಅದರ ಮೇಲೆ ಕುಳಿತಳು. ಬಂದವರೆಲ್ಲ ಪಕ್ಕದ ಚೀಟಿ ಓದಿ, ಚಿತ್ರ ನೋಡಿ, ಅವಳ ಕಡೆ ತಿರುಗಿ ಕೈ ಮುಗಿಯುವರು. ಕೆಲವರು ಗುಳಿಬಿದ್ದ ಕೆನ್ನೆಗಳನ್ನು ಕಂಡು ಕಣ್ಣು ತುಂಬಿಕೊಳ್ಳುವರು. ಅವಳು ದೇವರ ಮನೆಯಲ್ಲಿ ಕುಳಿತಷ್ಟು ಗಂಭೀರಳಾಗಿ ತಲೆಯಾಡಿಸುವಳು.

ಮಧ್ಯಾಹ್ನದ ಹೊತ್ತಿಗೆ, ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಯುಟ್ಟ ಹೆಂಗಸೊಬ್ಬಳು ಬಂದು ಚಿತ್ರದ ಮುಂದೆ ನಿಂತಳು. ವಯಸ್ಸು ಅರವತ್ತು ದಾಟಿತ್ತು. ಪಕ್ಕದಲ್ಲಿ ಹತ್ತು ಹನ್ನೊಂದರ ಮೊಮ್ಮಗಳು. ಮಗು ಚೀಟಿಯನ್ನು ಜೋರಾಗಿ ಓದಿ, "ಪಾಟಿ, ಇದು ನೀ ಇಲ್ಲೆ! ಯಾರೋ ಕಮಲಾಬಾಯಿಯಾಮ್. ಚುಮ್ಮಾ ಸೊನ್ನಿಯಾ?" ಎಂದು ಕೇಳಿ ನಕ್ಕಿತು. ಇದು ನೀನಲ್ಲ, ಸುಳ್ಳು ಹೇಳಿದ್ದೆಯಾ ಅಜ್ಜಿ, ಎಂಬ ಆ ನಗುವಿಗೆ ಹೆಂಗಸಿನ ಮುಖ ಸಣ್ಣದಾಯಿತು. ಆ ಮುಖವನ್ನು ಪಕ್ಕದಿಂದ ನೋಡಿದಾಗಲೇ ನನಗೆ ತಿಳಿದುಹೋಯಿತು. ಅದೇ ಬಾಯಿ, ಇನ್ನೇನು ನಗಲಿರುವ ಅದೇ ಬಾಯಿ, ಈಗ ಸುಕ್ಕಿನ ನಡುವೆ.

ಅವಳು ಮೊಮ್ಮಗಳನ್ನು ದೂರ ನಿಲ್ಲಿಸಿ ಬೆಂಚಿನ ಹತ್ತಿರ ಬಂದಳು. "ಅಮ್ಮಾ, ನಮಸ್ಕಾರ. ನಾನು ರತ್ನಮ್ಮ ಅಂತ. ಕೋಲಾರದ ಕಡೆಯವಳು. ಕನ್ನಡ ಪಿಚ್ಚರ್‌ಗೆ ಗುಂಪಲ್ಲಿ ನಿಲ್ಲೋಕೆ ಅಂತ ಬಂದೆ, ಆಮ್ಯಾಲೆ ಸ್ಟುಡಿಯೋದಾಗೆ ಬಟ್ಟೆ ಹೊಲಿಯಾಕೆ ಸೇರ್ಕೊಂಡೆ. ಇಲ್ಲೇ ಉಳ್ಕೊಂಬಿಟ್ಟೆ." ಚಿತ್ರದ ಕಡೆ ನೋಡದೆಯೇ ಬೆರಳು ತೋರಿಸಿದಳು. "ಅದು ನಾನು ಕಣ್ರಮ್ಮ."

"ಗೊತ್ತು" ಎಂದಳು ಅತ್ತೆ.

ನಾನು ದಂಗಾದೆ. ರತ್ನಮ್ಮನೂ ಅಷ್ಟೇ. ಸುಳ್ಳಿಯೆಂದು ಬೈಯುತ್ತಾರೆ, ಓಡಿಸುತ್ತಾರೆ, ಅದಕ್ಕೆಲ್ಲ ಅವಳು ಸಿದ್ಧಳಾಗಿ ಬಂದಿದ್ದಳು. ಈ ಉತ್ತರಕ್ಕೆ ಸಿದ್ಧಳಾಗಿರಲಿಲ್ಲ.

"ನಮ್ಮಿಬ್ರ ಮಧ್ಯೆ ಏನೂ ಇರ್ಲಿಲ್ಲ ಅಮ್ಮಾ. ರಾಘವೇಂದ್ರ ಸ್ವಾಮಿ ಆಣೆ. ಊಟದ ಬ್ರೇಕಲ್ಲಿ ಕಿಟಕಿ ತಾವ ಕೂರ್ಸಿ ಬರೀತಿದ್ರು, ಅಷ್ಟೇಯ. ಬುಗುಡಿ ಅವ್ರೇ ತಂದ್ರು. ನನ್ನ ಕಿವಿ ಮ್ಯಾಲೆ ತೂತೇ ಇಲ್ಲ, ಮೀಸೆ ಅಂಟ್ಸೋ ಗೋಂದು ಹಚ್ಚಿ ಅಂಟ್ಸಿದ್ವಿ."

"ಏನಾದರೂ ಇದ್ದಿದ್ರೆ ಕ್ಷಮಿಸಿಬಿಡ್ತಿದ್ದೆ" ಎಂದಳು ಅತ್ತೆ. ದನಿ ಏರಲಿಲ್ಲ. "ಗಂಡಸರು, ಆಗ್ತದೆ. ಏನೂ ಇಲ್ಲದೆ ಅಷ್ಟು ದಿನ ಸುಮ್ನೆ ನಿನ್ನ ಮುಖ ನೋಡ್ಕೊಂಡು ಕೂತಿದ್ರಲ್ಲ, ಅದಕ್ಕೆ ಏನು ಮಾಡಲಿ ಹೇಳು?"

ರತ್ನಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಬೇಡಿಕೊಂಡಳು. "ಎಷ್ಟೋ ಪಿಚ್ಚರ್‌ನಾಗೆ ನಿಂತಿವ್ನಿ ಅಮ್ಮಾ. ಒಂದ್ರಾಗೂ ನನ್ನ ಮೊಕ ಕಾಣಾಕಿಲ್ಲ. ಎಲ್ಲಾ ಗುಂಪು. ಇದೊಂದೇ ಇರೋದು. ದೊಡ್ಡದಾಗಿ ಬ್ಯಾಡ, ಆ ಚೀಟಿಯಾಗೆ ಹೆಂಡ್ತಿ ಅನ್ನೋದು ತೆಗೆಸಿ ರತ್ನ ಅಂತ ಇಷ್ಟು ಸಣ್ಣದಾಗಿ ಹಾಕ್ಸಿಕೊಡಿ. ಮಗ ನಂಬಾಕಿಲ್ಲ, ಮೊಮ್ಮಗಳು ನಗ್ತಾಳೆ."

"ಬುಗುಡಿ ಯಾರದು?"

"ನಿಮ್ಮದೇ."

"ಹಾಗಾದ್ರೆ ಚಿತ್ರಾನೂ ನಂದೇ. ಎದ್ದು ಹೋಗು."

ಅವಳು ನಿಂತೇ ಇದ್ದಳು, ಎದ್ದು ಹೋಗುವುದಕ್ಕೆ ಕುಳಿತಿರಲೂ ಇಲ್ಲ. ಅತ್ತೆ ಅವಳಿಗೆ ಬೆಂಚಿನ ತುದಿಯನ್ನೂ ಕೊಟ್ಟಿರಲಿಲ್ಲ. ಮೊಮ್ಮಗಳ ಕೈ ಹಿಡಿದು ರತ್ನಮ್ಮ ಹೊರಟುಹೋದಳು.

ಆಟೋದಲ್ಲಿ ಬರುವಾಗ ನಾನು ತಡೆಯಲಾರದೆ, "ಅತ್ತೆ, ಇದು ಪಾಪ. ಆಕೆ ಕೇಳಿದ್ದು ಒಂದು ಹೆಸರು ತಾನೆ?" ಎಂದೆ. ಅತ್ತೆ ರಸ್ತೆಯನ್ನೇ ನೋಡುತ್ತಿದ್ದಳು. "ನಾನೂ ಒಂದು ಸಲ ಕೇಳಿದ್ದೆ ಜಾನು. ನನ್ನದೂ ಒಂದು ಬರೀರಿ ಅಂತ. ಮದುವೆ ಆದ ಹೊಸತು. ಇಲ್ಲಿ ಬೆಳಕು ಸರಿಯಿಲ್ಲ ಅಂದ್ರು. ಅವರು ಸಾಯೋ ತನಕ ನಮ್ಮನೇಲಿ ಬೆಳಕು ಸರಿಯಾಗಲೇ ಇಲ್ಲ." ಕೋಡಂಬಾಕ್ಕಂ ಸೇತುವೆ ಹತ್ತಿದ ಮೇಲೆ ಮತ್ತೆ ಹೇಳಿದಳು. "ಮೆರುಗು ಹಾಕಿಸ್ತೀನಿ ಅಂತ ಬುಗುಡಿ ತಗೊಂಡು ಹೋದವರು ನವರಾತ್ರಿ ಕಳೆದ ಮೇಲೆ ತಂದುಕೊಟ್ರು. ಆ ನವರಾತ್ರಿ ಮನೆ ಮನೆಗೆ ಬೋಳು ಕಿವೀಲಿ ಕುಂಕುಮಕ್ಕೆ ಹೋದೆ. ಮಾರಿಬಿಟ್ಟಿದಾರೆ ಅಂತ ಆಡಿಕೊಂಡ್ರು. ನಿಮ್ಮ ಮಾಮ ತಪ್ಪು ಮಾಡಿದಾರೆ ಅಂತಾನೂ ನನಗೆ ಅನ್ನಿಸಲಿಲ್ಲ, ಮೆರುಗು ಚೆನ್ನಾಗಿ ಬಂದಿದೆ ಅಂತ ಹೊಗಳಿದೆ. ನೋಡು, ಎಂಥ ಮುಠ್ಠಾಳಿ ನಾನು."

ಆದರೂ ಶ್ರೀಧರನಿಗೆ ನಾನು ನಿಜ ಹೇಳಿದೆ. ಅವನು ನಂಬಲಿಲ್ಲ ಎನ್ನುವುದಕ್ಕಿಂತ ನಂಬಲು ಒಪ್ಪಲಿಲ್ಲ. "ಯಾರೋ ಸ್ಟುಡಿಯೋದ ಟೈಲರಮ್ಮ ಬಂದು ಹೇಳಿದ್ರೆ ನಮ್ಮಪ್ಪನ ಹೆಸರು ಕೆಡಿಸಬೇಕಾ? ಬುಗುಡಿ ಅಮ್ಮಂದು. ಅವ್ವಳವುದಾನ್, ಮುಗೀತು" ಎಂದ. ರತ್ನಮ್ಮ ಸೆಲ್ವಿಯ ಬಳಿಗೂ ಹೋಗಿ ಅತ್ತಿದ್ದಳಂತೆ. ಚಿತ್ರಶಾಲೆಯವರಿಗೆ ಸಣ್ಣ ಅನುಮಾನ ಹುಟ್ಟಿತು. ಸೆಲ್ವಿ ಮತ್ತೆ ಮನೆಗೆ ಬಂದು ಸಂಕೋಚದಿಂದ ವಿಷಯ ತೆಗೆದಳು. ಅತ್ತೆ ಬೀರುವಿನಿಂದ ಹಳೆಯ ಪೌಡರ್ ಡಬ್ಬಿ ತಂದು, ಹತ್ತಿಯಲ್ಲಿ ಸುತ್ತಿಟ್ಟಿದ್ದ ಬುಗುಡಿಗಳನ್ನು ಅವಳ ಅಂಗೈಗೆ ಹಾಕಿದಳು.

"ಇದನ್ನೂ ದಾನ ತಗೊಳ್ಳಿ. ಚಿತ್ರದ ಕೆಳಗೆ ಇಡಿ. ನೋಡಿದವರಿಗೆ ಸಂದೇಹ ಬರಬಾರದು."

ಮೊಮ್ಮಕ್ಕಳಿಗೂ ಕೊಡದೆ ಇಟ್ಟುಕೊಂಡಿದ್ದ ಒಡವೆ ಅದು. ಉಷಾಗೆ ಕೆಲವು ದಿನ ಊಟ ಸೇರಲಿಲ್ಲ.

ಮರುವರ್ಷದ ಪ್ರದರ್ಶನದಲ್ಲಿ ಬುಗುಡಿಗಳು ಗಾಜಿನ ಪೆಟ್ಟಿಗೆಯಲ್ಲಿ, ಹಾಲಿನಲ್ಲಿ ಕಾಯಂ ಆಗಿ ಉಳಿಸಿಕೊಂಡಿದ್ದ ಭಾವಚಿತ್ರದ ಕೆಳಗೇ ಬಂದವು. "ಕಮಲಾಬಾಯಿಯವರ ದಾನ" ಎಂದು ಹೊಸ ಚೀಟಿ. ದಾನದ ವಸ್ತುವೊಂದು ದೊಡ್ಡ ಹಾಲಿಗೆ ಏರಿದ್ದು ಅದೇ ಮೊದಲಂತೆ. ಶಾಲೆಯ ಮಕ್ಕಳನ್ನು ಕರೆತಂದ ಮೇಷ್ಟರುಗಳು ಒಮ್ಮೆ ಚಿತ್ರದ ಕಿವಿ, ಒಮ್ಮೆ ಪೆಟ್ಟಿಗೆ ತೋರಿಸಿ ಪಾಠ ಮಾಡುತ್ತಿದ್ದರು. ಆ ವರ್ಷವೂ ರತ್ನಮ್ಮ ಬಂದಳು. ಒಬ್ಬಳೇ ಬಂದಿದ್ದಳು. ಗಾಜಿನೊಳಗಿನ ಹವಳವನ್ನು ಬಗ್ಗಿ ನೋಡುತ್ತಿದ್ದಾಗ ಅತ್ತೆ ಬೆಂಚಿನಿಂದಲೇ ಕರೆದು ಹೇಳಿದಳು: "ಚೆನ್ನಾಗಿ ನೋಡ್ಕೊ. ಈ ಸಲ ಗೋಂದು ಹಾಕಿ ಅಂಟಿಸಿಕೊಳ್ಳೋಕೆ ಆಗಲ್ಲ." ಸುತ್ತ ನಿಂತವರಿಗೆ ಕನ್ನಡ ಬಾರದು. ಯಾರೋ ಹಳೆಯ ಗೆಳತಿಯರೆಂದು ತಿಳಿದು ಅವರು ಮುಗುಳ್ನಕ್ಕರು. ನನಗೆ ಅಲ್ಲಿಯೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಾನು ರತ್ನಮ್ಮನನ್ನು ಬಸ್‌ಸ್ಟಾಪಿನವರೆಗೆ ಬಿಟ್ಟುಬಂದೆ. ದಾರಿಯಲ್ಲಿ ಅವಳು ವಡಪಳನಿಯ ತನ್ನ ಮನೆಯ ಗುರುತು ಹೇಳಿದಳು, ಅತ್ತೆಯ ಬಗ್ಗೆ ಒಂದೂ ಕೆಟ್ಟ ಮಾತಾಡಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

ಆ ಮೇಲಿನ ವರ್ಷಗಳಲ್ಲಿ ಅತ್ತೆಗೆ ಆ ಬೆಂಚೇ ಗುಡಿಯಾಯಿತು. ಕಾಲು ನಡೆಸುವಷ್ಟು ದಿನ ಏಕಾದಶಿ ಬಿಟ್ಟರೂ ಚಿತ್ರಶಾಲೆ ಬಿಡಲಿಲ್ಲ. ಯಾರಾದರೂ ಕೇಳಿದರೆ ಚಿತ್ರ ಬರೆದ ದಿನದ ಕಥೆಯನ್ನೂ ಹೇಳತೊಡಗಿದಳು: ಕಿಟಕಿಯ ಪಕ್ಕ ಕೂರಿಸಿದ್ದು, ಅಲುಗಾಡಬೇಡ ಎಂದು ರೇಗಿದ್ದು, ನಡುನಡುವೆ ನಗಿಸಿದ್ದು. ಹೇಳುತ್ತ ಹೇಳುತ್ತ ಅವಳ ಮುಖ ಮೆತ್ತಗಾಗುತ್ತಿತ್ತು. ಊರನ್ನೆಲ್ಲ ಸತ್ಯದಿಂದ ಹೊಡೆದವಳು ಆ ಒಂದು ಸುಳ್ಳನ್ನು ಕೂಸಿನಂತೆ ಸಾಕಿದಳು.

ಕಡೆಗೆ ಮೂತ್ರಪಿಂಡ ಕೈಕೊಟ್ಟಿತು. ಆಸ್ಪತ್ರೆ ಬೇಡವೆಂದು ಹಟಹಿಡಿದು ಮನೆಗೆ ಬಂದಳು. ಒಂದು ಮಧ್ಯಾಹ್ನ ನಾನು ಹೋದಾಗ ಉಷಾ ಗಂಜಿ ಕುಡಿಸುತ್ತಿದ್ದಳು. "ರಾತ್ರಿ ಕೆಮ್ಮಿದ್ರೆ ಎದ್ದು ನೋಡ್ತಾಳೆ, ಪರವಾಯಿಲ್ಲ" ಎಂದು ಸೊಸೆಗೆ ಸರ್ಟಿಫಿಕೇಟ್ ಕೊಟ್ಟು ಅವಳನ್ನು ಹೊರಗೆ ಕಳಿಸಿದಳು. ನನ್ನನ್ನು ಹತ್ತಿರ ಕರೆದಳು.

"ಎರಡು ಕೆಲಸ. ನಾನು ಹೋದ ಮೇಲೆ ಆ ಚಿತ್ರದ ಫೋಟೋಗೆ ಕಟ್ಟು ಹಾಕಿಸಿ ಅದನ್ನೇ ಗೋಡೆಗೆ ಹಾಕಬೇಕು. ಶ್ರೀಧರನಿಗೂ ಹೇಳಿದೀನಿ."

"ಯಾಕತ್ತೆ? ನಿನ್ನದೇ ಒಂದು ಈಗ ತೆಗೆಸೋಣ. ಇಲ್ದಿದ್ರೆ ನಾಳೆ ನಿನ್ನ ಮುಖ ಯಾರಿಗೂ ನೆನಪಿರಲ್ಲ."

"ಕಟ್ಟಿಕೊಂಡವರೇ ನೋಡಲಿಲ್ಲ. ನೀವು ನೆನಪಿಟ್ಟುಕೊಂಡು ಏನು ಮಾಡ್ತೀರಿ?" ಎಂದಳು. ಉಸಿರು ತೆಗೆದುಕೊಂಡು, "ಇನ್ನೊಂದು. ಆ ರತ್ನಮ್ಮನಿಗೆ ಹೇಳಿಕಳಿಸು. ಹದಿಮೂರನೇ ದಿನ ವೈಕುಂಠ ಸಮಾರಾಧನೆಗೆ ನಮ್ಮನೆಗೆ ಬಂದು ಊಟ ಮಾಡಲಿ. ಮಡಿ ಗಿಡಿ ಅಂತ ಯಾರೂ ಅವಳನ್ನ ಹೊರಗೆ ಕೂರಿಸಬಾರದು. ನಾನೇ ಹೇಳಿದೆ ಅನ್ನು."

ನನ್ನ ಕಣ್ಣು ತುಂಬಿಬಂತು. ಸಾಯುವ ಹೊತ್ತಿಗಾದರೂ ಮನಸ್ಸು ಕರಗಿತಲ್ಲ ಎಂದುಕೊಂಡೆ. ಅವಳ ಕೈ ಹಿಡಿದು ಖಂಡಿತ ಕರೆಯುತ್ತೇನೆ ಎಂದೆ. ಅವಳು ನನ್ನನ್ನು ನೋಡಿ ನಕ್ಕಳು. ಅದು ನಾನು ಕಂಡ ಅವಳ ಕೊನೆಯ ನಗು. ಆ ವಾರದಲ್ಲೇ ತೀರಿಕೊಂಡಳು.

ವಡಪಳನಿಗೆ ನಾನೇ ಹೋಗಿ ಕರೆದೆ. ಮುರುಗನ ಗುಡಿಯ ಹಿಂದಿನ ಸಂದಿಯಲ್ಲಿ, ಹೊಲಿಗೆ ಯಂತ್ರಕ್ಕೂ ಮಂಚಕ್ಕೂ ನಡುವೆ ನಿಂತು ರತ್ನಮ್ಮ ನನ್ನ ಮಾತು ಕೇಳಿದಳು. "ಅವ್ರೇ ಹೇಳಿದ್ರಾ? ಬಾಯಿಬಿಟ್ಟು ಹೇಳಿದ್ರಾ?" ಎಂದು ಮತ್ತೆ ಮತ್ತೆ ಕೇಳಿದಳು. ಹೌದೆಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗೋವಾಗ ನೆನೆಸ್ಕೊಂಡವ್ರೆ ಅಂದ್ರೆ ದೊಡ್ಡ ಮನಸು. ಬತ್ತೀನಿ."

ಹದಿಮೂರನೆಯ ದಿನ ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು, ಬಾಳೆಎಲೆಯಲ್ಲಿ ಸುತ್ತಿದ ದೊಡ್ಡ ಮಲ್ಲಿಗೆ ಹಾರ ಹಿಡಿದು ಬಂದಳು. ಮೊಮ್ಮಗಳನ್ನೂ ಕರೆತಂದಿದ್ದಳು, ಅದು ಈಗ ಕಾಲೇಜಿಗೆ ಹೋಗುವ ಹುಡುಗಿ. ನಾನು ಅಡುಗೆಯವರ ಜೊತೆ ಎಲೆಗಳ ಲೆಕ್ಕದಲ್ಲಿದ್ದೆ. ನಾನು ಬಾಗಿಲಿಗೆ ಓಡುವುದರೊಳಗೆ ಶ್ರೀಧರ ಅವರನ್ನು ಒಳಗೆ ಕರೆದುಕೊಂಡಿದ್ದ. ಯಾರೆಂದು ಅವನಿಗೆ ಗೊತ್ತಿರಲಿಲ್ಲ. "ವಾಂಗೊ, ಬನ್ನಿ. ಅಮ್ಮ ಇಲ್ಲಿದಾರೆ. ಹಾರ ನೀವೇ ಹಾಕಿ" ಎಂದು ಗೋಡೆ ತೋರಿಸಿದ.

ದೊಡ್ಡದಾಗಿ ಮಾಡಿಸಿ ಕಟ್ಟು ಹಾಕಿಸಿದ ಚಿತ್ರ. ಕಿಟಕಿಯ ಪಕ್ಕದ ಹೆಣ್ಣು. ಕೆಳಗೆ ನಂದಾದೀಪ. ದಿವಂಗತ ಕಮಲಾಬಾಯಿ ಎಂ‍ದು ಹೆಸರು, ಹುಟ್ಟಿದ ದಿನ, ಸತ್ತ ದಿನ.

ಆಗ ನನಗೆ ಅತ್ತೆಯ ಆ ನಗುವಿನ ಅರ್ಥವಾಯಿತು. ಊಟಕ್ಕಲ್ಲ, ಇದಕ್ಕೆ ಕರೆಸಿದ್ದಳು. ನನ್ನ ಕೈಯಲ್ಲೇ ಕರೆಸಿದ್ದಳು.

ರತ್ನಮ್ಮ ಕದಲಲಿಲ್ಲ. ಮೊಮ್ಮಗಳು ಚಿತ್ರವನ್ನೂ ಹೆಸರನ್ನೂ ನೋಡಿ, ಅಜ್ಜಿಯ ಮೊಣಕೈ ಹಿಡಿದು ಮೆಲ್ಲಗೆ, "ಪಾಟಿ, ಇವರೇ ಆ ಮ್ಯೂಸಿಯಂ ಅಮ್ಮ ತಾನೆ? ಅವರ ಮನೆಗೇ ಬಂದಿದೀವಾ?" ಎಂದು ತಮಿಳಿನಲ್ಲಿ ಕೇಳಿದಳು. ಚಿಕ್ಕಂದಿನಂತೆ ನಗಲಿಲ್ಲ. ಮುದುಕಿಯ ಹಳೆಯ ಸುಳ್ಳನ್ನು ಮನ್ನಿಸುವಂಥ ಮೆತ್ತನೆಯ ದನಿಯಿತ್ತು. ನಾನು ಹುಡುಗಿಗೆ ನಿಜ ಹೇಳಲು ಬಾಯಿ ತೆರೆದೆ. ರತ್ನಮ್ಮ ನನ್ನತ್ತ ನೋಡಿ ತಲೆಯಲ್ಲಾಡಿಸಿ ಬೇಡವೆಂದಳು. "ಹೂಂ, ಅವರೇ" ಎಂದು ಮೊಮ್ಮಗಳಿಗೆ ಹೇಳಿದಳು.

ಶ್ರೀಧರ ಸ್ಟೂಲು ತಂದಿಟ್ಟ. ಅವಳು ಹತ್ತಿ, ತನ್ನ ಮುಖಕ್ಕೆ ತಾನೇ ಹಾರ ಹಾಕಿ, ಕೆಳಗಿಳಿದು ಕೈ ಮುಗಿದಳು. ನಾನು ಅವಳ ಪಕ್ಕ ಹೋಗಿ ನಿಂತೆ. ಕ್ಷಮಿಸಿ ಎನ್ನಬೇಕೆಂದಿದ್ದೆ. ಅವಳೇ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ನಂಗಾದ್ರೆ ಉಸಿರಿರೋವಾಗ್ಲೇ ಹಾರ ಬಿತ್ತು. ಆಯಮ್ಮನಿಗೆ ಯಾರು ಹಾಕ್ತಾರೆ?"

ಊಟಕ್ಕೆ ಎಬ್ಬಿಸಿದರು. ಅವಳು ಎಲ್ಲರ ಸಾಲಿನಲ್ಲಿ ಕುಳಿತು ಪಾಯಸದವರೆಗೂ ಉಂಡಳು. ಬಡಿಸಿದ ಯಾವುದನ್ನೂ ಬಿಡಲಿಲ್ಲ. ಹೊರಡುವಾಗ ಉಷಾ ತಾಂಬೂಲ ಕೊಟ್ಟು ಮತ್ತೆ ಬನ್ನಿ ಎಂದಳು. ಅವಳು ಮತ್ತೆ ಬರಲಿಲ್ಲ.

ಅಂದು ಅತ್ತೆಯ ಮೇಲೆ ಬಂದ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಒಬ್ಬಳೇ ಇರುವಾಗ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಅವಳದೇ ಭಾಷೆಯಲ್ಲಿ ಜನ್ಮ ಜಾಲಾಡಬೇಕೆಂದು ಕಣ್ಣು ಮುಚ್ಚುತ್ತೇನೆ. ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ಮುಖ ಮಾತ್ರ ಎಷ್ಟು ಕರೆದರೂ ಬರುವುದಿಲ್ಲ. ಸಿಡುಬಿನ ಗುಳಿಗಳಿದ್ದವು ಎಂಬುದು ತಿಳಿದಿದೆ, ಅಷ್ಟೇ. ಕಣ್ಣ ಮುಂದೆ ಬಂದು ನಿಲ್ಲುವವಳು ಕಿಟಕಿಯ ಪಕ್ಕದ ರತ್ನಮ್ಮ. ಅವಳನ್ನು ಬೈಯಲು ನನ್ನಿಂದಾಗುವುದಿಲ್ಲ.